ಮತದ ಬೆಲೆ

ಪರದೇಶದಲ್ಲಿ ಬಹುಕಾಲ ನೆಲಸಿದವನು ತವರಿಗೆ ಬಂದಾಗ ಅವನು ಎದುರಿಸಬೇಕಾದ ಪ್ರಶ್ನೆಗಳು ಹೆಚ್ಚಿನವಲ್ಲ. ಅಲ್ಲಿ ಜೋಳದ ಹಿಟ್ಟು ಸಿಗುತ್ತದೆಯೇ, ಚಳಿ ಎಷ್ಟು, ಮಕ್ಕಳಿಗೆ ಕನ್ನಡ ಬರುತ್ತದೆಯೇ ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ಆದರೆ 2023ರ ಬೇಸಿಗೆಯಲ್ಲಿ ನಾನು ಊರಿಗೆ ಬಂದಾಗ, ಮಠದ ಪ್ರಸಾದನಿಲಯದಲ್ಲಿ ನನ್ನೊಡನೆ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದ ಗೆಳೆಯನೊಬ್ಬ ಬೇರೆಯದೇ ಪ್ರಶ್ನೆಯನ್ನು ಕೇಳಿದ. "ಜಗತ್ತಿಗೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳುವ ನಿಮ್ಮ ದೇಶದಲ್ಲಿ ಅರ್ಧ ಜನ ಮತವನ್ನೇ ಹಾಕುವುದಿಲ್ಲವಂತೆ, ಹೌದೇನು?" ಹೌದೆಂದೆ. "ನೀನು ಹಾಕುತ್ತೀಯಾ?" ಒಂದು ಸಲವೂ ತಪ್ಪಿಸಿಲ್ಲವೆಂದೆ. "ಯಾಕೆ?" ಎಂದ. ಅಂದು ಚಹದ ಹೊತ್ತಿನಲ್ಲಿ ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳು ಈಗ ಹಲವು ದೇಶಗಳಲ್ಲಿ ಹಂಚಿಹೋಗಿರುವುದರಿಂದ ಈ ವಿಚಾರ ಅವರಿಗೂ ಸಂಬಂಧಿಸಿದ್ದೆಂದು ಭಾವಿಸುತ್ತೇನೆ.

ಗೆಳೆಯನ ಮಾತು ಉತ್ಪ್ರೇಕ್ಷೆಯಲ್ಲ. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನಡೆಯದ ವರ್ಷಗಳಲ್ಲಿ ಮತಗಟ್ಟೆಗಳು ಬಣಗುಡುತ್ತವೆ. 2014ರ ಸಂಸತ್ತಿನ ಚುನಾವಣೆಯಲ್ಲಿ ಮತ ನೀಡಿದವರು ಅರ್ಹರ ಪೈಕಿ ಸುಮಾರು ಶೇಕಡಾ 36 ಮಾತ್ರ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ ನಡೆದ ಚುನಾವಣೆಯ ನಂತರ ಅಷ್ಟು ಕಡಿಮೆ ಎಂದೂ ಆಗಿರಲಿಲ್ಲ. 2020ರಲ್ಲಿ ಅಧ್ಯಕ್ಷರನ್ನು ಆರಿಸಲು ಸುಮಾರು ಶೇಕಡಾ 66 ಜನ ಮುಂದೆ ಬಂದರು. ನೂರು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಅದೇ ಅತ್ಯಧಿಕ. ಅಂದರೆ ಆ ದೇಶದ ಅತ್ಯುತ್ತಮ ದಿನದಲ್ಲಿಯೂ ಮೂವರಲ್ಲಿ ಒಬ್ಬರು ಮನೆಯಲ್ಲಿಯೇ ಉಳಿದರು.

ನಾನು ಭಾರತದಲ್ಲಿ ಮತ ನೀಡಿದ್ದು ಎರಡೇ ಬಾರಿ. ಆಗ ಮತದಾನಕ್ಕೆ 21 ವರ್ಷ ತುಂಬಿರಬೇಕಾಗಿತ್ತು. 1971ರ ಲೋಕಸಭೆಯ ಚುನಾವಣೆ ಒಂದು, ಮರುವರ್ಷದ ವಿಧಾನಸಭೆಯ ಚುನಾವಣೆ ಇನ್ನೊಂದು. ರಾಜ್ಯದ ಹೆಸರು ಆಗಿನ್ನೂ ಮೈಸೂರು; ಗದಗಿನ ಸಮೀಪದ ನಮ್ಮ ಹಳ್ಳಿ ಧಾರವಾಡ ಜಿಲ್ಲೆಗೆ ಸೇರಿತ್ತು. ಆದರೆ ಮತದಾನವೆಂದೊಡನೆ ನನ್ನ ನೆನಪಿಗೆ ಮೊದಲು ಬರುವುದು ಆ ಎರಡು ದಿನಗಳಲ್ಲ, 1962ರಲ್ಲಿ ನಮ್ಮ ತಾಯಿ ಮತ ಹಾಕಿದ ದಿನ. ನಾನಾಗ 13 ವರ್ಷದ ಹುಡುಗ. ಕನ್ನಡ ಶಾಲೆಯ ಜಗಲಿಯ ಮೇಲೆ ಹೆಂಗಸರದೊಂದು ಸಾಲು. ಮೇಜಿನ ಹಿಂದೆ ಕುಳಿತ ಗುಮಾಸ್ತರು ತಾಯಿಯ ಹೆಸರನ್ನು ಕೇಳಿದರು, ಹೇಳಿದಳು. ಗಂಡನ ಹೆಸರನ್ನು ಕೇಳಿದರು, ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಬಾಯಿಂದ ಉಚ್ಚರಿಸುವುದು ಅವಳಿಂದ ಸಾಧ್ಯವಿರಲಿಲ್ಲ. ಗುಮಾಸ್ತರೂ ಪಟ್ಟು ಬಿಡಲಿಲ್ಲ. ಕೊನೆಗೆ ಹಿಂದೆ ನಿಂತಿದ್ದ ಓಣಿಯ ಅಜ್ಜಿಯೊಬ್ಬಳು ಹೆಸರನ್ನು ಹೇಳಿ ಸಾಲನ್ನು ಮುಂದಕ್ಕೆ ಸರಿಸಿದಳು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಅಳಿಸಲಾಗದ ಮಸಿ ಬಳಕೆಗೆ ಬಂದದ್ದು ಆ ಚುನಾವಣೆಯಲ್ಲಿಯೇ. ಹಲವು ದಿನಗಳವರೆಗೆ ತಾಯಿ ರೊಟ್ಟಿ ಬಡಿಯುವಾಗ ಆ ಬೆರಳನ್ನು ನಾನು ನೋಡುತ್ತಿದ್ದೆ.

ಈ ಸಂಕೋಚ ನಮ್ಮ ಮನೆಯದಷ್ಟೇ ಅಲ್ಲ. 1951–52ರ ಪ್ರಥಮ ಮಹಾಚುನಾವಣೆಗೆ ಮತದಾರರ ಪಟ್ಟಿಯನ್ನು ಸಿದ್ಧಪಡಿಸುವಾಗ ಅಸಂಖ್ಯ ಮಹಿಳೆಯರು ತಮ್ಮ ಹೆಸರನ್ನು ಹೇಳಲೊಪ್ಪದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಯಿಸಿದ್ದರು. ಸ್ವಂತ ಹೆಸರಿಲ್ಲದೆ ಮತವಿಲ್ಲವೆಂದು ಚುನಾವಣಾ ಆಯುಕ್ತ ಸುಕುಮಾರ ಸೇನರು ಗಟ್ಟಿಯಾಗಿ ನಿಂತುದರಿಂದ, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿಯಬೇಕಾಯಿತು. ಅಂದು ಅದು ಕಠೋರವಾಗಿ ಕಂಡಿರಬಹುದು. ಆದರೆ ಮುಂದಿನ ಚುನಾವಣೆಗಳ ವೇಳೆಗೆ ಆ ಹೆಂಗಸರು ತಮ್ಮ ಹೆಸರುಗಳನ್ನು ಹೇಳತೊಡಗಿದರು. ಸರಕಾರದ ಮುಂದೆ ನಾನು ಇಂಥವಳೆಂದು ಒಬ್ಬಳು ಮೊದಲ ಸಲ ಹೇಳಿಕೊಂಡದ್ದು ಮತದ ಸಲುವಾಗಿ ಎಂಬುದು ಸಣ್ಣ ಸಂಗತಿಯೇ?

1974ರಲ್ಲಿ ನಾನು ಅಮೆರಿಕಕ್ಕೆ ಹೋದೆ. 1984ರಲ್ಲಿ ಅಲ್ಲಿಯ ಪ್ರಜೆಯಾದೆ. ಭಾರತದ ಸಂವಿಧಾನ ಎರಡು ದೇಶಗಳ ಪೌರತ್ವಕ್ಕೆ ಅವಕಾಶ ಕೊಡದು. ನ್ಯಾಯಾಲಯದ ಸಭಾಂಗಣದಲ್ಲಿ ಬಲಗೈಯೆತ್ತಿ, ಹಿಂದಿನ ದೇಶಕ್ಕೆ ಸಲ್ಲಿಸಬೇಕಾದ ನಿಷ್ಠೆಯನ್ನೆಲ್ಲ ತ್ಯಜಿಸಿದ್ದೇನೆಂದು ಪ್ರತಿಜ್ಞೆ ಮಾಡುವಾಗ ಗಂಟಲು ಕಟ್ಟಿದ್ದು ನಿಜ. ಮನೆಗೆ ಬಂದು ಹೆಂಡತಿಯೊಡನೆ ಲೆಕ್ಕ ಹಾಕಿದೆ: ಬಿಟ್ಟದ್ದೇನು, ಪಡೆದದ್ದೇನು? ಮನೆ, ನೌಕರಿ, ಮಕ್ಕಳ ಶಾಲೆ ಇವೆಲ್ಲ ಮೊದಲೇ ಇದ್ದವು. ತೆರಿಗೆಯನ್ನೂ ಮೊದಲಿನಿಂದಲೇ ಕೊಡುತ್ತಿದ್ದೆವು. ಹೊಸದಾಗಿ ಕೈಗೆ ಬಂದದ್ದು ಮುಖ್ಯವಾಗಿ ಒಂದೇ, ಮತ. ತಾಯ್ನಾಡಿನಲ್ಲಿ ಕೈಬಿಟ್ಟುಹೋದದ್ದೂ ಅದೇ. ಒಂದು ಮತವನ್ನು ತೆತ್ತು ಇನ್ನೊಂದು ಮತವನ್ನು ಕೊಂಡವನು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ವ್ಯಾಪಾರ ಏನಾದಂತಾಯಿತು?

ನನಗೆ ಅದು ಸುಲಭವಾಗಿ ದೊರೆಯಿತೆಂಬುದನ್ನೂ ಹೇಳಬೇಕು. ನಮಗಿಂತ ಎರಡು ತಲೆಮಾರು ಹಿಂದೆ ಹೋದವರಿಗೆ ಆ ಬಾಗಿಲು ಮುಚ್ಚಿತ್ತು. 1923ರಲ್ಲಿ ಭಗತಸಿಂಗ್ ಥಿಂಡ್ ಎಂಬ ಪಂಜಾಬಿನವರ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಅದಕ್ಕೂ ಮೊದಲು ಪ್ರಜೆಗಳಾಗಿದ್ದವರ ಪೌರತ್ವವನ್ನೂ ಕಸಿದುಕೊಳ್ಳಲಾಯಿತು. 1915ರಲ್ಲಿ ಹೆಂಡತಿ ಮಕ್ಕಳೊಡನೆ ಸಾನ್ ಫ್ರಾನ್ಸಿಸ್ಕೋಗೆ ಬಂದು ಅಂಗಡಿಯಿಟ್ಟು 1921ರಲ್ಲಿ ಪ್ರಜೆಯಾಗಿದ್ದ ವೈಷ್ಣೋದಾಸ ಬಗಾಯಿ ಅವರಿಗೂ ಈ ಗತಿ ಬಂದಿತು. ಯಾವ ದೇಶಕ್ಕೂ ಸೇರದವನಾದ ದುಃಖವನ್ನು ಪತ್ರದಲ್ಲಿ ಬರೆದಿಟ್ಟು 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. 1946ರಲ್ಲಿ ಕಾನೂನು ಬದಲಾಯಿತು. ಆ ಬದಲಾವಣೆಗಾಗಿ ದುಡಿದವರಲ್ಲಿ ದಲೀಪಸಿಂಗ್ ಸೌಂದ್ ಒಬ್ಬರು. ಗಣಿತದಲ್ಲಿ ಡಾಕ್ಟರೇಟ್ ಪಡೆದಿದ್ದರೂ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಬೇಸಾಯ ಮಾಡಿ ಬದುಕಿದವರು. 1949ರಲ್ಲಿ ಪ್ರಜೆಯಾದರು. 1950ರಲ್ಲಿ ತಮ್ಮ ಊರಿನ ನ್ಯಾಯಾಧೀಶರಾಗಿ ಚುನಾಯಿತರಾದಾಗ, ಪ್ರಜೆಯಾಗಿ ಒಂದು ವರ್ಷ ತುಂಬಿಲ್ಲವೆಂದು ಆ ಸ್ಥಾನವನ್ನು ನಿರಾಕರಿಸಲಾಯಿತು. 1952ರಲ್ಲಿ ಮತ್ತೆ ನಿಂತು ಗೆದ್ದರು. 1956ರಲ್ಲಿ ಅಮೆರಿಕದ ಸಂಸತ್ತಿಗೇ ಆರಿಸಿಹೋದರು. ಏಷ್ಯಾ ಖಂಡದ ಮೂಲದವರಲ್ಲಿ ಅಲ್ಲಿಗೆ ಹೋದ ಮೊದಲಿಗರು ಅವರೇ.

ನಾನು ನೆಲಸಿರುವುದು ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್ ಎಂಬ ಬಂದರು ಪಟ್ಟಣದಲ್ಲಿ. ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ನಕ್ಷೆಗಳ ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಕಪ್ಪು ಜನಾಂಗದವರು. ನಾನು ಪ್ರಜೆಯಾದ ಸುದ್ದಿ ಕೇಳಿ ಕೈ ಕುಲುಕಿ, "ನಿನ್ನ ಮತಕ್ಕೆ ಎಷ್ಟು ಕೊಟ್ಟೆ?" ಎಂದರು. ನಾನು ಅರ್ಥವಾಗದೆ ನಿಂತೆ. ಮರುದಿನ ಒಂದು ತಗಡಿನ ಡಬ್ಬಿ ತಂದು ಅದರೊಳಗಿನ ಹಳೆಯ ರಸೀದಿಗಳನ್ನು ಮೇಜಿನ ಮೇಲೆ ಹರಡಿದರು. ಮತ ನೀಡಬೇಕಾದರೆ ಪ್ರತಿಯೊಬ್ಬನೂ ವರ್ಷಕ್ಕೆ ಒಂದೂವರೆ ಡಾಲರಿನಂತೆ ಹಿಂದಿನ ಮೂರು ವರ್ಷಗಳ ತಲೆಗಂದಾಯವನ್ನು, ಅದೂ ಚುನಾವಣೆಗೆ ಆರು ತಿಂಗಳು ಮೊದಲೇ ಕಟ್ಟಿರಬೇಕೆಂದು ವರ್ಜೀನಿಯಾದ 1902ರ ಸಂವಿಧಾನ ವಿಧಿಸಿತ್ತು. ಕಪ್ಪು ಜನರನ್ನೂ ಬಡವರನ್ನೂ ಮತಗಟ್ಟೆಯಿಂದ ದೂರವಿಡುವುದೇ ಅದರ ಉದ್ದೇಶ. "ಇಬ್ಬರದೂ ಕಟ್ಟಲು ಆಗದಿದ್ದಾಗ ನನ್ನ ಹೆಂಡತಿಯದನ್ನು ಮಾತ್ರ ಕಟ್ಟುತ್ತಿದ್ದೆ. ಅವಳು ನನಗಿಂತ ಹೆಚ್ಚು ಓದಿದವಳು; ಮತವನ್ನು ಹಾಳು ಮಾಡಲಾರಳು" ಎಂದು ನಕ್ಕರು. ನಮ್ಮ ಊರಿನಿಂದ ಖಾರಿಯ ಆಚೆ ದಡದಲ್ಲಿರುವ ನಾರ್ಫಕ್ ಪಟ್ಟಣದ ಎವಲಿನ್ ಬಟ್ಸ್ ಎಂಬ ಮಹಿಳೆ ಬಟ್ಟೆ ಹೊಲಿದು ಜೀವಿಸುತ್ತಿದ್ದವರು. ಅವರೂ, ಆನಿ ಹಾರ್ಪರ್ ಮೊದಲಾದ ಇತರರೂ ಹೂಡಿದ ದಾವೆಗಳ ಫಲವಾಗಿ 1966ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಂದಾಯವನ್ನು ರದ್ದುಗೊಳಿಸಿತು. ನಮ್ಮಂಥವರಿಗೆ ಆ ದೇಶದ ಬಾಗಿಲನ್ನು ತೆರೆದ ವಲಸೆ ಕಾನೂನು 1965ರದು. ಕಪ್ಪು ಜನರ ಮತಾಧಿಕಾರವನ್ನು ರಕ್ಷಿಸಿದ ಕಾನೂನೂ ಅದೇ ವರ್ಷದ್ದು. ಅವರ ಹೋರಾಟದ ಬೆಳೆಯಲ್ಲಿ ನಮಗೂ ಪಾಲು ದೊರೆತಿದೆ ಎಂಬುದನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ.

ಹೀಗೆಂದ ಮಾತ್ರಕ್ಕೆ ವಲಸೆ ಹೋದವರೆಲ್ಲ ಕರ್ತವ್ಯನಿಷ್ಠರೆಂದೂ ಅಲ್ಲಿಯೇ ಹುಟ್ಟಿದವರು ಸೋಮಾರಿಗಳೆಂದೂ ವಾಚಕರು ತಿಳಿಯಬಾರದು. ಅಲ್ಲಿಯ ಜನಗಣತಿ ಇಲಾಖೆಯ ಸಮೀಕ್ಷೆಗಳನ್ನು ನೋಡಿದರೆ, ಹೊರಗಿನಿಂದ ಬಂದು ಪ್ರಜೆಗಳಾದವರು ಮತ ನೀಡುವುದು ಹುಟ್ಟುಪ್ರಜೆಗಳಿಗಿಂತ ಕಡಿಮೆಯೇ. ನಮ್ಮ ಕನ್ನಡ ಬಳಗದಲ್ಲಿಯೇ ಹತ್ತಾರು ಕಾರಣಗಳನ್ನು ಕೇಳಿದ್ದೇನೆ. ಮತದಾರರ ಪಟ್ಟಿಯಿಂದಲೇ ನ್ಯಾಯಾಲಯದ ಪಂಚರನ್ನು ಆರಿಸುವರೆಂದು, ಆ ಕರೆಗೆ ಅಂಜಿ ಹೆಸರನ್ನೇ ನೋಂದಾಯಿಸದ ವೈದ್ಯರಿದ್ದಾರೆ. "ನಾವು ಅತಿಥಿಗಳು, ಅವರ ರಾಜಕೀಯ ನಮಗೇಕೆ?" ಎನ್ನುವವರು ಆ ಅತಿಥಿಗೃಹದಲ್ಲಿ ನಲವತ್ತು ವರ್ಷ ಕಳೆದು ಮೊಮ್ಮಕ್ಕಳನ್ನು ಕಂಡಿದ್ದಾರೆ. ಪ್ರಸಾದನಿಲಯದಲ್ಲಿ ತಿಂಗಳಿಗೊಮ್ಮೆ ಅಡುಗೆಯ ಮೇಲ್ವಿಚಾರಣೆಗೆ ಹುಡುಗರನ್ನು ಕೈಯೆತ್ತಿ ಆರಿಸುತ್ತಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಸಭೆಗೆ ಬಾರದವರೇ ಸಾರು ನೀರಾಯಿತೆಂದು ಹೆಚ್ಚು ಗೊಣಗುತ್ತಿದ್ದರು. ಮನುಷ್ಯಸ್ವಭಾವ ಸಮುದ್ರ ದಾಟಿದರೂ ಬದಲಾಗದು.

ವ್ಯವಸ್ಥೆಯ ದೋಷವೂ ಇದೆ. ನಮ್ಮಲ್ಲಿ ಮತದಾರರ ಹೆಸರು ಬರೆದುಕೊಳ್ಳಲು ಸರಕಾರದವರು ಮನೆ ಬಾಗಿಲಿಗೆ ಬರುತ್ತಾರೆ. ಅಲ್ಲಿ ಸಾಮಾನ್ಯವಾಗಿ ಪ್ರಜೆಯೇ ತನ್ನ ಹೆಸರನ್ನು ನೋಂದಾಯಿಸಿಕೊಳ್ಳಬೇಕು, ಮನೆ ಬದಲಿಸಿದಾಗ ಮತ್ತೆ ತಿಳಿಸಬೇಕು. ನಮ್ಮಲ್ಲಿ ಮತದಾನದ ದಿನ ಸಂಬಳಸಹಿತ ರಜೆಯುಂಟು. ಅಲ್ಲಿ ಮತದಾನ ನಡೆಯುವುದು ನವೆಂಬರಿನ ಒಂದು ಮಂಗಳವಾರ. ಭಾನುವಾರದ ಪ್ರಾರ್ಥನೆಯನ್ನು ಮುಗಿಸಿದ ರೈತರು ಕುದುರೆಗಾಡಿಯಲ್ಲಿ ಮತಗಟ್ಟೆಯಿರುವ ಊರನ್ನು ತಲುಪಲೆಂದು 1845ರಲ್ಲಿ ಗೊತ್ತುಮಾಡಿದ ದಿನವದು! ಕುದುರೆಗಾಡಿಗಳು ಹೋದವು, ಮಂಗಳವಾರ ಉಳಿಯಿತು. ಗಂಟೆಗೆ ಇಷ್ಟೆಂದು ಕೂಲಿ ಪಡೆಯುವವನಿಗೆ ಅದೊಂದು ಬೇರೆ ಬಗೆಯ ಕಂದಾಯವೇ ಸರಿ. ವರ್ಜೀನಿಯಾ 2020ರಲ್ಲಿ ಆ ದಿನವನ್ನು ರಾಜ್ಯದ ರಜೆಯನ್ನಾಗಿ ಮಾಡಿ, 45 ದಿನ ಮೊದಲಿನಿಂದಲೇ ಮತ ನೀಡುವ ಅನುಕೂಲವನ್ನೂ ಕಲ್ಪಿಸಿತು.

ಈಗ ಮನೆಯ ಮಾತಿಗೆ ಬರುತ್ತೇನೆ. ನನ್ನ ಮಗ ಅಲ್ಲಿಯೇ ಹುಟ್ಟಿದವನು. ಪ್ರತಿಜ್ಞೆಯಿಲ್ಲ, ಪರೀಕ್ಷೆಯಿಲ್ಲ, ಏನನ್ನೂ ಬಿಡಬೇಕಾಗಿ ಬರಲಿಲ್ಲ. 18 ತುಂಬಿದೊಡನೆ ಮತ ತಾನಾಗಿ ಬಂದಿತು. ಲೆಕ್ಕದಲ್ಲಿ ಬುದ್ಧಿವಂತ. 2017ರ ನವೆಂಬರ್ 7ರಂದು ವರ್ಜೀನಿಯಾದ ಪ್ರತಿನಿಧಿ ಸಭೆಗೆ ಚುನಾವಣೆ ನಡೆದಾಗ, ನಮ್ಮ ಮನೆಯಿಂದ ಎರಡು ಮೈಲು ದೂರದಲ್ಲಿ, ಅದೇ 94ನೆಯ ಕ್ಷೇತ್ರದಲ್ಲಿ ಬಾಡಿಗೆಗಿದ್ದ. ಬೆಳಿಗ್ಗೆ ದೂರವಾಣಿಯಲ್ಲಿ ನೆನಪಿಸಿದೆ. "ಅಪ್ಪಾಜಿ, ಯಾರು ಗೆಲ್ಲಬೇಕೆಂಬುದನ್ನು ಕ್ಷೇತ್ರದ ಗಡಿ ಎಳೆದವರೇ ನಿರ್ಧರಿಸಿ ಆಗಿದೆ. ನನ್ನ ಒಂದು ಮತದಿಂದ ಫಲಿತಾಂಶ ಬದಲಾಗುವ ಸಂಭವ ಶೂನ್ಯಕ್ಕೆ ಸಮಾನ" ಎಂದ. ಸಂಜೆ ಕೆಲಸದಿಂದ ತಡವಾಗಿ ಬಂದವನು ನೇರ ಮನೆಗೆ ಹೋದ.

ಮುಂದೆ ನಡೆದುದನ್ನು ಪತ್ರಿಕೆಗಳಲ್ಲಿ ಓದಿದವರೂ ಇರಬಹುದು. ಮೊದಲ ಎಣಿಕೆಯಲ್ಲಿ ಡೇವಿಡ್ ಯಾನ್ಸಿಯವರು 10 ಮತಗಳಿಂದ ಮುಂದಿದ್ದರು. ಡಿಸೆಂಬರ್ 19ರ ಮರುಎಣಿಕೆಯಲ್ಲಿ ಶೆಲ್ಲಿ ಸೈಮಂಡ್ಸರು ಒಂದೇ ಮತದಿಂದ ಗೆದ್ದರು. ಮರುದಿನ ಮೂವರು ನ್ಯಾಯಾಧೀಶರ ಪೀಠ ಒಂದು ವಿವಾದಗ್ರಸ್ತ ಮತಪತ್ರವನ್ನು ಪರಿಶೀಲಿಸಿತು. ಅದರಲ್ಲಿ ಯಾರೋ ಎರಡೂ ಹೆಸರುಗಳ ಮುಂದೆ ಗುರುತು ಹಾಕಿ, ಒಂದರ ಮೇಲೆ ಗೀಟು ಎಳೆದಿದ್ದರು. ಅದು ಯಾನ್ಸಿಯವರಿಗೆ ಸಲ್ಲತಕ್ಕದ್ದೆಂದು ತೀರ್ಮಾನವಾಗಲು ಇಬ್ಬರಿಗೂ 11,608 ಮತಗಳಾದವು. ಸರಿಸಮ! 2018ರ ಜನವರಿ 4ರಂದು ರಾಜಧಾನಿ ರಿಚ್‌ಮಂಡಿನಲ್ಲಿ, ಇಬ್ಬರ ಹೆಸರಿನ ಚೀಟಿಗಳನ್ನು ಫಿಲ್ಮ್ ಸುರುಳಿಯ ಎರಡು ಡಬ್ಬಿಗಳಲ್ಲಿ ಹಾಕಿ, ವಸ್ತುಸಂಗ್ರಹಾಲಯದಿಂದ ತಂದ ಬಟ್ಟಲಿನಲ್ಲಿಟ್ಟು, ಚುನಾವಣಾ ಮಂಡಳಿಯ ಅಧ್ಯಕ್ಷರು ಒಂದನ್ನು ಎತ್ತಿದರು. ಯಾನ್ಸಿಯವರ ಹೆಸರು ಬಂದಿತು. 100 ಸ್ಥಾನಗಳ ಸಭೆ 50–50 ಆಗಬಹುದಾಗಿದ್ದುದು 51–49 ಆಗಿ, ಬಹುಮತ ಒಂದು ಪಕ್ಷದ ಕಡೆಗೆ ನಿಂತಿತು.

ನಾನು ಯಾರಿಗೆ ಮತ ನೀಡಿದ್ದೆನೆಂಬುದು ಇಲ್ಲಿ ಅಪ್ರಸ್ತುತ. ಮಗ ಯಾರಿಗೆ ನೀಡುತ್ತಿದ್ದನೋ ನಾನು ಕೇಳಿಲ್ಲ. ಆ ಸಂಜೆ ಅವನು ಮನೆಗೆ ಬಂದು ಬಹಳ ಹೊತ್ತು ಮಾತಿಲ್ಲದೆ ಕುಳಿತ. ಇಂಥ ವಾದಗಳಲ್ಲಿ ಎಂದೂ ಬಾಯಿ ಹಾಕದ ಅವನ ತಾಯಿ ತಾಟಿಗೆ ರೊಟ್ಟಿ ನೀಡುತ್ತ, "ಐದು ನಿಮಿಷದ ಕೆಲಸವಾಗಿತ್ತು, ತಮ್ಮಾ" ಎಂದಷ್ಟೇ ಹೇಳಿದಳು.

ಕೆಲವು ವಾರಗಳ ಮೇಲೆ ಅವನ ಲೆಕ್ಕ ಮತ್ತೆ ತಲೆಯೆತ್ತಿತು. "ಇದು ಸಾವಿರದಲ್ಲಿ ಒಂದು ಘಟನೆ, ಅಪ್ಪಾಜಿ. ಉಳಿದ 999 ಕಡೆ ನನ್ನ ಮಾತೇ ನಿಜ." ಅವನ ಮಾತಿನಲ್ಲಿ ಸತ್ಯವಿತ್ತೆಂಬುದನ್ನು ಒಪ್ಪಬೇಕು. ಒಂದೇ ಮತದಿಂದ ಗೆದ್ದ ಸೋತ ಕತೆಗಳನ್ನು ಹೇಳಿ ಜನರನ್ನು ಮತಗಟ್ಟೆಗೆ ಕರೆಯುವುದು ಲಾಟರಿ ಚೀಟಿ ಮಾರುವವನ ರೀತಿಯಾದೀತು. ಹಾಗಾದರೆ ಉಳಿದ 999 ಕಡೆಗಳಲ್ಲಿ ಮತದ ಕೆಲಸವೇನು?

ನಿವೃತ್ತನಾದ ಮೇಲೆ ನಾನು ಮತಗಟ್ಟೆಯಲ್ಲಿ ಸ್ವಯಂಸೇವೆ ಮಾಡಿದ್ದುಂಟು, ಪ್ರಚಾರ ಮಾಡುವವರ ಕೈಯ ಪಟ್ಟಿಗಳನ್ನೂ ಕಂಡಿದ್ದೇನೆ. ಯಾರು ಯಾರಿಗೆ ಮತ ನೀಡಿದರೆಂಬುದು ಗುಪ್ತ. ಆದರೆ ಯಾರು ಮತ ನೀಡಿದರು, ಯಾರು ನೀಡಲಿಲ್ಲ ಎಂಬುದು ಅಲ್ಲಿ ದಾಖಲೆಯಾಗಿ ಉಮೇದುವಾರರ ಕೈಗೆ ಸಿಗುತ್ತದೆ. ಹಿಂದಿನ ಚುನಾವಣೆಗಳಲ್ಲಿ ಬಾರದವರ ಮನೆಯನ್ನು ಪಟ್ಟಿಯಿಂದ ಬಿಟ್ಟು, ಬಂದವರ ಬಾಗಿಲನ್ನೇ ತಟ್ಟುತ್ತಾರೆ. ಸಮಯವೂ ಕಾಲುಗಳೂ ಮಿತವಾಗಿರುವಾಗ ಅವರನ್ನು ದೂರುವಂತೆಯೂ ಇಲ್ಲ. ನಾವು ಮೊದಲು ಬಾಡಿಗೆಗಿದ್ದ ವಠಾರದಲ್ಲಿ ಹೆಚ್ಚಿನವರು ಹೊಸದಾಗಿ ಬಂದವರು, ಕೂಲಿಕಾರರು. ಅಲ್ಲಿಗೆ ಯಾವ ಉಮೇದುವಾರನೂ ಕಾಲಿಟ್ಟದ್ದನ್ನು ನಾನು ಕಾಣಲಿಲ್ಲ. ಸ್ವಂತ ಮನೆಯ ಬೀದಿಗೆ ಬಂದ ಮೇಲೆ ಚುನಾವಣೆಗೊಮ್ಮೆ ನಾಲ್ಕಾರು ಜನ ಬಂದು, ಶಾಲೆಯ ವಿಷಯ ಏನು, ಚರಂಡಿಯ ವಿಷಯ ಏನು ಎಂದು ವಿಚಾರಿಸುತ್ತಾರೆ. ಕೇಳುವವರಿಲ್ಲವೆಂದು ವಠಾರದವರು ಮತ ನೀಡರು. ಮತ ನೀಡರೆಂದು ಅವರನ್ನು ಯಾರೂ ಕೇಳರು. ಔದಾಸೀನ್ಯ ಬೆಳೆಯುವುದು ಹೀಗೆ. ಮತವೆಂಬುದು ಗೆಲ್ಲಿಸುವ ಸೋಲಿಸುವ ಆಯುಧವಾಗುವುದು ಅಪರೂಪ. ಈ ಮನೆಯಲ್ಲಿ ಜನರಿದ್ದಾರೆಂದು ಬಾಗಿಲಲ್ಲಿ ಹಚ್ಚಿಟ್ಟ ದೀಪವಾಗಿ ಅದು ಪ್ರತಿ ಸಲವೂ ಕೆಲಸ ಮಾಡುತ್ತದೆ.

ಸೋತವರ ಮತಗಳೂ ವ್ಯರ್ಥವಲ್ಲ. 2017ರ ಆ ಚುನಾವಣೆಗೆ ಮೊದಲು ಸಭೆಯಲ್ಲಿದ್ದ ಬಲಾಬಲ 66–34. ಬಡವರ ಆರೋಗ್ಯವಿಮೆಯಾದ ಮೆಡಿಕೇಯ್ಡ್ ಅನ್ನು ವಿಸ್ತರಿಸುವ ಮಸೂದೆ ವರ್ಷಗಟ್ಟಲೆ ಅಲ್ಲಿ ತಡೆದು ನಿಂತಿತ್ತು. 15 ಸ್ಥಾನಗಳನ್ನು ಕಳೆದುಕೊಂಡು ಚೀಟಿಯ ಬಲದಿಂದ ಬಹುಮತ ಉಳಿಸಿಕೊಂಡ ಪಕ್ಷದ ಹಲವು ಸದಸ್ಯರೇ 2018ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು. 2019ರ ಜನವರಿ 1ರಿಂದ ಸುಮಾರು 4 ಲಕ್ಷ ಜನ ಆ ಸೌಲಭ್ಯಕ್ಕೆ ಅರ್ಹರಾದರು. ಗೆದ್ದವರೂ ತಮ್ಮ ಅಂತರವನ್ನು ಎಣಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅಂದಹಾಗೆ 2019ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು, ಸೈಮಂಡ್ಸರು ಗೆದ್ದರು. ಮಗ ಬೆಳಿಗ್ಗೆ 6 ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಬಂದಿದ್ದ. ಲೆಕ್ಕ ಬದಲಾಯಿತೇ ಎಂದುದಕ್ಕೆ, ಇಲ್ಲ, ತಾಯಿಯ ಮುಂದೆ ಮತ್ತೊಮ್ಮೆ ಕುಳಿತುಕೊಳ್ಳುವ ಧೈರ್ಯವಿಲ್ಲ ಎಂದ.

ನಮ್ಮ ನಾಡಿನ ಸ್ಥಿತಿ ಇದಕ್ಕಿಂತ ಮೇಲೆಂದು ಗೆಳೆಯನಿಗೆ ಹೇಳುವ ಆಸೆಯಿತ್ತು. ಅರ್ಧದಷ್ಟು ಹೇಳಬಹುದು. 2023ರ ಮೇ 10ರ ವಿಧಾನಸಭೆ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಶೇಕಡಾ 73ರಷ್ಟು ಮತದಾನವಾಯಿತು. ಅದೇ ಬೆಂಗಳೂರಿನಲ್ಲಿ ಶೇಕಡಾ 55ರ ಆಸುಪಾಸು. ವಾರದ ಕೊನೆಯ ರಜೆಯೊಡನೆ ಸೇರಿಸಿ ಜನರು ಪ್ರವಾಸ ಹೊರಡದಿರಲೆಂದು ಚುನಾವಣಾ ಆಯೋಗ ಬೇಕೆಂದೇ ಬುಧವಾರವನ್ನು ಗೊತ್ತುಮಾಡಿದ್ದರೂ ಫಲ ಇಷ್ಟೇ. 2004ರಲ್ಲಿ ಸಂತೇಮರಹಳ್ಳಿಯಲ್ಲಿ 40,752ಕ್ಕೆ 40,751, ಅಂದರೆ ಒಂದೇ ಮತದಿಂದ ಸೋಲು ಗೆಲುವು ನಿರ್ಧಾರವಾದ ನಾಡಿದು. ವಿದ್ಯೆಯೂ ವರಮಾನವೂ ಹೆಚ್ಚಿದಷ್ಟು ಮತದಾನ ಹೆಚ್ಚಬೇಕೆಂದು ನಾವು ಓದುವಾಗ ನಂಬಿದ್ದೆವು. ನೀರಿಗೆ ಟ್ಯಾಂಕರು, ರಕ್ಷಣೆಗೆ ಕಾವಲುಗಾರ, ವಿದ್ಯುತ್ತಿಗೆ ಜನರೇಟರು ಹೀಗೆ ಎಲ್ಲವನ್ನೂ ಹಣ ಕೊಟ್ಟು ಕೊಂಡವನಿಗೆ ಸರಕಾರದ ಹಂಗು ಕಾಣುವುದಿಲ್ಲವೆಂದು ತೋರುತ್ತದೆ. ಪಡಿತರ ಚೀಟಿಯನ್ನು ಹಿಡಿದ ಹಳ್ಳಿಯ ಹೆಂಗಸಿಗೆ ಅದು ದಿನವೂ ಕಾಣುತ್ತದೆ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳ ಹೆಸರು ಹನ್ನೊಂದು ವರ್ಷಗಳಿಂದ ಹಳ್ಳಿಯ ಪಟ್ಟಿಯಲ್ಲಿಯೇ ಇದೆ. ವರ್ಗಾಯಿಸಿಕೊಳ್ಳಲು ಬಿಡುವಾಗಿಲ್ಲ, ಮತ ನೀಡಲು ಊರಿಗೆ ಬಂದದ್ದೂ ಇಲ್ಲ. ನಾನು ಆ ಮಾತೆತ್ತಿದಾಗ, "ಮಾಮಾ, ನಿಮಗೆ ಇಲ್ಲಿ ಮತವೇ ಇಲ್ಲ, ನಿಮಗ್ಯಾಕೆ ಚಿಂತೆ?" ಎಂದು ನಕ್ಕಳು. ಅವಳು ಹೇಳಿದ್ದು ಕಾನೂನಿನ ಮಾತು. ಭಾರತದ ಪೌರತ್ವವನ್ನು ಉಳಿಸಿಕೊಂಡು ಹೊರದೇಶದಲ್ಲಿರುವವರು 6ಎ ನಮೂನೆಯನ್ನು ತುಂಬಿ ಹೆಸರು ಸೇರಿಸಿಕೊಳ್ಳಬಹುದು, ಚುನಾವಣೆಯ ದಿನ ತಾವೇ ಬಂದು ಮತ ನೀಡಬಹುದು. ಬೇರೆ ದೇಶದ ಪ್ರತಿಜ್ಞೆ ಮಾಡಿದ ನನ್ನಂಥವರ ಬಳಿಯಿರುವ ಸಾಗರೋತ್ತರ ನಾಗರಿಕತ್ವದ ಚೀಟಿ ವೀಸಾದ ತೊಂದರೆಯನ್ನು ತಪ್ಪಿಸುತ್ತದೆಯೇ ಹೊರತು ಮತವನ್ನು ಕೊಡುವುದಿಲ್ಲ.

ಆ ಬುಧವಾರ ತಂಗಿಯನ್ನು ಕನ್ನಡ ಶಾಲೆಯವರೆಗೆ ಕರೆದೊಯ್ದೆ. ಅವಳಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲು ಕಷ್ಟ. ಬಾಗಿಲಲ್ಲಿದ್ದ ಪೊಲೀಸನು ನನ್ನ ಚೀಟಿ ಕೇಳಿದ. ಇಲ್ಲವೆಂದೆ, ಹೊರಗೆ ನಿಲ್ಲಿರಿ ಎಂದ. ಬೇವಿನ ಮರದ ನೆರಳಲ್ಲಿ ಅವಳ ಕೊಡೆಯನ್ನೂ ಕೈಚೀಲವನ್ನೂ ಹಿಡಿದು ನಿಂತೆ. ಹೆಂಗಸರ ಸಾಲು ಉದ್ದವಾಗಿತ್ತು. ಒಬ್ಬೊಬ್ಬರೂ ತಮ್ಮ ಹೆಸರನ್ನು ಗಟ್ಟಿಯಾಗಿಯೇ ಹೇಳುತ್ತಿದ್ದರು. ಅರ್ಧ ಗಂಟೆಯ ಮೇಲೆ ತಂಗಿ ಹೊರಗೆ ಬಂದು, ಮಸಿ ಆರದ ಬೆರಳನ್ನು ಸೆರಗಿಗೆ ತಾಗದಂತೆ ದೂರ ಹಿಡಿದುಕೊಂಡು, "ನಡಿ ಅಣ್ಣಾ, ಬಿಸಿಲೇರಿತು" ಎಂದಳು.